ಹೂವೂ ಹಣ್ಣೂ ಒಂದೇ ಹಾಡಿನಲ್ಲಿ: ಸಣ್ಣ ಬಜೆಟ್ಟಿನ ಸಿನಿಮಾದಲ್ಲಿ ತಪ್ಪು ತಪ್ಪಿಸುವ ದಾರಿ

ಕಾಫಿ ತೋಟದಲ್ಲಿ ಒಂದು ಹಾಡು. ಪಲ್ಲವಿಯಲ್ಲಿ ನಾಯಕಿ ಬೆಳ್ಳನೆ ಹೂಬಿಟ್ಟ ಗಿಡಗಳ ಸಾಲಿನಲ್ಲಿ ನಡೆದು ಬರುತ್ತಾಳೆ. ಚರಣಕ್ಕೆ ಬಂದಾಗ ಅದೇ ಸೀರೆ, ಅದೇ ಜಡೆ, ಕೈಯಲ್ಲಿ ಮಾತ್ರ ಕೆಂಪು ಹಣ್ಣು ತುಂಬಿದ ಬುಟ್ಟಿ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಎರಡೂ ಚಂದ. ಕಾಫಿ ಬೆಳೆಯುವ ಮೂಡಿಗೆರೆಯವರು ನಗುತ್ತಾರೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳಿ, ಮೂರು ನಾಲ್ಕು ದಿನಕ್ಕೆ ಬಾಡುವ ಹೂವು ಮಾರ್ಚ್–ಏಪ್ರಿಲ್‌ನದು. ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್‌ನಿಂದ ಜನವರಿಯದು. ಒಂದು ಹಾಡು ಮುಗಿಯುವಷ್ಟರಲ್ಲಿ ಎಂಟು ತಿಂಗಳು ಕಳೆದುಹೋಯಿತು, ನಾಯಕಿಯ ಮಲ್ಲಿಗೆ ಮಾತ್ರ ಬಾಡಲಿಲ್ಲ.

ಸಿನಿಮಾದ ತಪ್ಪುಗಳಲ್ಲಿ ಎರಡು ಜಾತಿ. ಒಂದು ಕಂಟಿನ್ಯೂಟಿ ತಪ್ಪು: ಎಡಗೈಯಲ್ಲಿದ್ದ ಲೋಟ ಮುಂದಿನ ಶಾಟಿನಲ್ಲಿ ಬಲಗೈಗೆ ಬಂದಿರುತ್ತದೆ, ಹಣೆಯ ಕುಂಕುಮ ಅರ್ಧ ಇಂಚು ಸರಿದಿರುತ್ತದೆ. ಇನ್ನೊಂದು ಮಾಹಿತಿಯ ತಪ್ಪು: 1978ರ ಕಥೆಯಲ್ಲಿ ಹಿಂದುಗಡೆ ಮಾರುತಿ ಕಾರು ಹಾದುಹೋಗುತ್ತದೆ, ಸಬ್ ಇನ್ಸ್‌ಪೆಕ್ಟರ್ ಭುಜಕ್ಕೆ ಮೂರು ನಕ್ಷತ್ರ ಹಾಕಿಕೊಂಡಿರುತ್ತಾನೆ. ಮೊದಲ ಜಾತಿಯದು ಸೆಟ್ಟಿನಲ್ಲಿ ಹುಟ್ಟುತ್ತದೆ, ಎಡಿಟಿಂಗ್‌ನಲ್ಲಿ ಬಹುಪಾಲು ಮುಚ್ಚಿಹೋಗುತ್ತದೆ. ಎರಡನೆಯದು ಬರೆಯುವಾಗಲೇ ಹುಟ್ಟುತ್ತದೆ, ಶೂಟಿಂಗ್ ಮುಗಿದ ಮೇಲೆ ಅದಕ್ಕೆ ಮದ್ದಿಲ್ಲ. ನಮ್ಮ ಸಣ್ಣ ತಂಡಗಳು ನಡೆಯುವುದು ತಿರುಗಾಮುರುಗಾ. ಸೆಟ್ಟಿನಲ್ಲಿ ಬಳೆ, ಗುಂಡಿ, ಲೋಟ ಅಂತ ಎಲ್ಲರೂ ಕೂಗಾಡುತ್ತಾರೆ. ಸ್ಕ್ರಿಪ್ಟನ್ನು ಮಾತ್ರ ತಿಳಿದವರಿಗೆ ಒಮ್ಮೆಯೂ ಓದಿಸಿರುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಗೆಳೆಯರನ್ನೇ ಕಟ್ಟಿಕೊಂಡು, ಬಾಡಿಗೆ ಕ್ಯಾಮೆರಾದಲ್ಲಿ, ಶನಿವಾರ–ಭಾನುವಾರ ಸಿನಿಮಾ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚಿನ ಹೆಜ್ಜೆಗಳಿಗೆ ಖರ್ಚಾಗುವುದು ಒಂದು ನೋಟ್‌ಬುಕ್ಕು, ಒಂದಿಷ್ಟು ಸಂಜೆಗಳು.

ಮೊದಲು ಕಥೆಗೊಂದು ಪಂಚಾಂಗ ಬರೆಯಿರಿ

ಸ್ಕ್ರಿಪ್ಟಿನ ಪ್ರತಿ ಸೀನಿನ ತಲೆಯ ಮೇಲೆ ಮೂರು ವಿಷಯ ಬರೆಯಿರಿ: ಇದು ಕಥೆಯ ಎಷ್ಟನೇ ದಿನ, ಯಾವ ತಿಂಗಳು, ಯಾವ ಹೊತ್ತು. ಸೀನ್ 12: ದಿನ 4, ಜುಲೈ, ಸಂಜೆ ಐದು. ಇಷ್ಟೇ. ನೀವು ಸೀನುಗಳನ್ನು ವರಸೆಯಲ್ಲಿ ಶೂಟ್ ಮಾಡುವುದಿಲ್ಲ. ಮನೆಯೊಳಗಿನದೆಲ್ಲ ಒಂದು ವಾರ, ಬಸ್ ಸ್ಟ್ಯಾಂಡಿನದೆಲ್ಲ ಒಂದು ದಿನ. ಹಾಗಾಗಿ ಕಥೆಯ ಎರಡನೇ ದಿನ ಹಣೆಗೆ ಬಿದ್ದ ಪೆಟ್ಟು ನಾಲ್ಕನೇ ದಿನದ ಸೀನಿನಲ್ಲಿ ಹೇಗಿರಬೇಕು ಅನ್ನುವುದು ಈ ಪಟ್ಟಿಯಿಲ್ಲದೆ ಯಾರಿಗೂ ನೆನಪಿರುವುದಿಲ್ಲ. ಪೆಟ್ಟು ಮೊದಲ ದಿನ ಕೆಂಪು, ಆಮೇಲೆ ನೀಲಿ, ವಾರದ ಹೊತ್ತಿಗೆ ಹಳದಿ ತಿರುಗುತ್ತದೆ. ಮೇಕಪ್ಪಿನವರಿಗೆ ‘ಗಾಯ ಹಾಕಿ’ ಅಂದರೆ ಸಾಲದು, ಎಷ್ಟನೇ ದಿನದ ಗಾಯ ಅಂತ ಹೇಳಬೇಕು.

ತಿಂಗಳು ಬರೆದ ಕೂಡಲೇ ಮಲೆನಾಡು ತನ್ನ ಷರತ್ತು ಹಾಕುತ್ತದೆ. ಕಾಫಿಯ ಲೆಕ್ಕ ಆಗಲೇ ಹೇಳಿದೆ. ಜೂನ್‌ನಿಂದ ಸೆಪ್ಟೆಂಬರ್ ಮುಂಗಾರು. ಆಗ ಗಿಡದಲ್ಲಿರುವುದು ಹಸಿರು ಕಾಯಿ, ಕಾಲಿಗೆ ಹತ್ತುವುದು ಇಂಬಳ, ಅಂದರೆ ಜಿಗಣೆ. ಏಪ್ರಿಲ್‌ನ ಒಣಗಿದ ದಾರಿಯಲ್ಲಿ ನಾಯಕನ ಕಾಲಿನಿಂದ ಇಂಬಳ ಕೀಳಿಸಿದರೆ ಊರಿನವರು ನಂಬುವುದಿಲ್ಲ. ಕಣದಲ್ಲಿ ಕಾಫಿ ಹರವಿದ್ದರೆ ಅದು ಕೊಯ್ಲಿನ ಕಾಲ, ಅಂದರೆ ಒಣ ಹವೆ. ಅದೇ ಸೀನಿನಲ್ಲಿ ಧೋ ಎಂದು ಮಳೆ ಸುರಿಸಿದರೆ ಪಾತ್ರಗಳೆಲ್ಲ ಮಾತು ಬಿಟ್ಟು ಟಾರ್ಪಾಲ್ ಹಿಡಿದು ಓಡಬೇಕಾಗುತ್ತದೆ. ಮೆಣಸು ಕೊಯ್ಯಲು ಮರಕ್ಕೆ ಏಣಿ ಇಡುವುದು ಹೆಚ್ಚಾಗಿ ಜನವರಿ ಕಳೆದ ಮೇಲೆ. ನೆರಳಿನ ಮರದ ಕೊಂಬೆ ಇಳಿಸುವ ಮರಗಸಿ ಕೆಲಸ ಆದ ತೋಟಕ್ಕೂ ಆಗದ ತೋಟಕ್ಕೂ ಬೆಳಕೇ ಬೇರೆ. ಅರ್ಧ ಸೀನ್ ತೆಗೆದು ಹೋಗಿ ಎರಡು ತಿಂಗಳ ಮೇಲೆ ಬಂದರೆ, ಕತ್ತಲೆ ಕವಿದಂತಿದ್ದ ಜಾಗ ಬಯಲಿನ ಹಾಗೆ ಕಾಣುತ್ತದೆ. ಬರುವ ಮುಂಚೆ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಒಂದು ಫೋನ್ ಮಾಡಿ ‘ಮರಗಸಿ ಯಾವಾಗ?’ ಎಂದು ಕೇಳಿ.

ಒಂದು ವಿನಾಯಿತಿ ಉಂಟು. ರೊಬಸ್ಟಾ ಕೊಯ್ಲು ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತದೆ. ಸ್ಪ್ರಿಂಕ್ಲರ್ ಹಾರಿಸಿದರೆ, ಇಲ್ಲವೇ ಅಕಾಲ ಮಳೆ ಬಿದ್ದರೆ, ಹಣ್ಣು ಗಿಡದಲ್ಲಿರುವಾಗಲೇ ಹೂವು ಅರಳಿಬಿಡುತ್ತದೆ. ಅಂದರೆ ಹೂವೂ ಹಣ್ಣೂ ಒಟ್ಟಿಗೆ ಇರುವ ಶಾಟು ಯಾವಾಗಲೂ ಸುಳ್ಳಲ್ಲ. ಆದರೆ ಬೆಳೆಗಾರನಿಗೆ ಅದು ಹಾಡು ಹೇಳುವ ಸಂದರ್ಭವಲ್ಲ, ತಲೆನೋವು: ಕೊಯ್ಯಲು ಹೋದರೆ ಹೂವು ಉದುರುತ್ತದೆ, ಬಿಟ್ಟರೆ ಹಣ್ಣು ಒಣಗಿ ಉದುರುತ್ತದೆ. ನಿಮ್ಮಲ್ಲಿ ಅಂಥ ಶಾಟು ಇದ್ದು ಬದಲಿಸಲು ಆಗದಿದ್ದರೆ, ಒಬ್ಬ ಪಾತ್ರದ ಬಾಯಿಂದ ‘ಈ ಹಾಳು ಮಳೆ ಈಗ್ಲೇ ಬರ್ಬೇಕಿತ್ತಾ ಮಾರಾಯ, ಹಣ್ಣೇ ಕೊಯ್ದಾಗಿಲ್ಲ’ ಅನ್ನಿಸಿ. ತಪ್ಪಾಗಿ ಕಾಣುವುದು ಆಗ ಕಥೆಯ ಭಾಗವಾಗುತ್ತದೆ. ಈ ಉಪಾಯ ಬೇರೆ ಕಡೆಯೂ ನಡೆಯುತ್ತದೆ: ಮುಚ್ಚಲಾಗದ್ದನ್ನು ಪಾತ್ರವೇ ಗಮನಿಸಿಬಿಟ್ಟರೆ ಪ್ರೇಕ್ಷಕ ಸುಮ್ಮನಾಗುತ್ತಾನೆ.

ಇಸವಿ ಹಾಕಿದರೆ ಅದರ ಸಾಲವನ್ನೂ ತೀರಿಸಿ

‘1978, ಚಿಕ್ಕಮಗಳೂರು’ ಎಂದು ಪರದೆಯ ಮೇಲೆ ಬರೆಯುವುದು ಪುಕ್ಕಟೆ. ಆ ವರ್ಷ ಇಲ್ಲಿ ನಡೆದ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದದ್ದರಿಂದ ನಮ್ಮ ಕಡೆ ಹಳೆಗಾಲದ ಕಥೆ ಬರೆಯುವವರಿಗೆ ಆ ಇಸವಿ ಬಲು ಇಷ್ಟ. ಅದನ್ನೇ ಹಿಡಿದು ಸಾಲ ಎಷ್ಟಾಗುತ್ತದೆ ನೋಡೋಣ.

ಮಾರುತಿ 800 ಬಂದದ್ದು 1983ರ ಕೊನೆಗೆ. ಆದ್ದರಿಂದ ರಸ್ತೆಯಲ್ಲಿ ಅಂಬಾಸಿಡರ್, ಫಿಯೆಟ್, ಜೀಪು. ‘ಕೆಎ’ ಎಂದು ಶುರುವಾಗುವ ನಂಬರ್ ಪ್ಲೇಟು 1989ರ ನಂತರದ್ದು, ಅದಕ್ಕೆ ಮುಂಚೆ ‘ಎಂವೈ’ ಸಾಲಿನ ಹಳೆಯ ನಂಬರುಗಳು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ, ಹಾಗಾಗಿ ಮನೆಯಲ್ಲಿ ಟಿವಿ ಇರಕೂಡದು. ಸುದ್ದಿ ರೇಡಿಯೋದಲ್ಲಿ ಬರಲಿ. ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಇನ್ನೂ ಹತ್ತು ವರ್ಷ ಮುಂದಿದೆ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು, ಹಾಗೆ ಕಾಯುವುದರಲ್ಲೇ ನಿಮಗೊಂದು ಒಳ್ಳೆಯ ಸೀನ್ ಸಿಗುತ್ತದೆ. ಗಾಂಧಿ ಮುಖದ ನೋಟುಗಳ ಸರಣಿ 1996ರದ್ದು. ಆಗಿನ ಕಂತೆಯಲ್ಲಿ ಕಾಣಬೇಕಾದದ್ದು ಅಶೋಕ ಸ್ತಂಭ. ರೂಪಾಯಿಯ ಈಗಿನ ಚಿಹ್ನೆ 2010ರದ್ದು, ಅಂಗಡಿಯ ದರಪಟ್ಟಿಯಲ್ಲಿ ಅದು ಕಂಡರೆ ಕೆಟ್ಟಿತು. ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಬೇಡ, ಮರದ್ದೋ ಕಬ್ಬಿಣದ್ದೋ ಮಡಚುವ ಕುರ್ಚಿ, ಚಾಪೆ, ಜಮಖಾನ.

ಚುನಾವಣೆಯನ್ನೇ ತೋರಿಸುತ್ತೀರಾದರೆ ಇನ್ನಷ್ಟು. ಮತಯಂತ್ರ ದೇಶದಲ್ಲಿ ಮೊದಲು ಬಳಕೆಯಾದದ್ದು 1982ರಲ್ಲಿ, ಕೇರಳದ ಪರವೂರಿನಲ್ಲಿ. ನಿಮ್ಮ ಮತಗಟ್ಟೆಯಲ್ಲಿ ಮತಪತ್ರ, ಸೀಲು, ಕಬ್ಬಿಣದ ಪೆಟ್ಟಿಗೆ ಇರಬೇಕು. ಮತದಾನದ ವಯಸ್ಸು ಆಗ 21. ‘ನಂಗೆ ಹದಿನೆಂಟಾಯ್ತು, ಈ ಸಲ ಓಟು ಹಾಕ್ತೀನಿ’ ಅನ್ನುವ ಕಾಲೇಜು ಹುಡುಗ 1989ಕ್ಕೆ ಮುಂಚೆ ಇರಲು ಸಾಧ್ಯವಿಲ್ಲ. ಇಂದಿರಾ ಕಾಂಗ್ರೆಸ್ಸಿನ ಚಿಹ್ನೆ ಆಗಷ್ಟೇ ಬಂದಿದ್ದ ಹಸ್ತ. ಗೋಡೆ ಬರಹದಲ್ಲಿ ಹಸು–ಕರು ಬರೆಸಿದರೆ ಒಂದು ಚುನಾವಣೆ ಹಿಂದೆ ಹೋದಂತೆ. ಬೆರಳಿನ ಶಾಯಿ 1962ರಿಂದಲೂ ಮೈಸೂರಿನದೇ, ಅದನ್ನು ಧೈರ್ಯವಾಗಿ ತೋರಿಸಿ. ಆದರೆ ಅಲ್ಲೊಂದು ಕಂಟಿನ್ಯೂಟಿ ಬಲೆಯಿದೆ. ಆ ಶಾಯಿ ವಾರಗಟ್ಟಲೆ ಹೋಗುವುದಿಲ್ಲ, ಉಗುರಿನ ಮೇಲಿನದು ಇನ್ನೂ ಹೆಚ್ಚು ದಿನ. ಓಟು ಹಾಕಿದವನ ಎಡಗೈ ತೋರುಬೆರಳು ಮುಂದಿನ ಪ್ರತಿ ಸೀನಿನಲ್ಲೂ ಕಪ್ಪಾಗಿರಬೇಕು.

ಕಾಫಿಯ ವ್ಯವಹಾರವನ್ನು ಹೆಚ್ಚಿನವರು ಮರೆಯುತ್ತಾರೆ. 1990ರ ದಶಕದ ಉದಾರೀಕರಣಕ್ಕೆ ಮುಂಚೆ ಬೆಳೆಗಾರ ತನ್ನ ಕಾಫಿಯನ್ನು ಇಷ್ಟಬಂದವರಿಗೆ ಮಾರುವಂತಿರಲಿಲ್ಲ. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಬೋರ್ಡಿನ ಪೂಲಿಗೆ ಕೊಟ್ಟು, ಹಣ ಕಂತಿನಲ್ಲಿ ಬರುವುದನ್ನು ಕಾಯಬೇಕಿತ್ತು. 1978ರ ತೋಟದ ಸಾಹುಕಾರರು ಖಾಸಗಿ ವ್ಯಾಪಾರಿಯ ಹತ್ತಿರ ರಾಜಾರೋಷವಾಗಿ ರೇಟು ಚೌಕಾಸಿ ಮಾಡಿ ನೋಟಿನ ಕಂತೆ ಎಣಿಸಿಕೊಂಡರೆ ತಪ್ಪಾಗುವುದು ಬರೀ ವಿವರವಲ್ಲ, ಕಥೆಯ ಬುಡವೇ. ಸರಿಯಾಗಿ ತಿಳಿದು ಬರೆದವನಿಗೆ ಅದೇ ಕಥೆ: ರಾತ್ರಿ ಕದ್ದು ಸಾಗಿಸುವ ಮೂಟೆ, ಬಾರದ ಕಂತು, ಸಾಲ ಕೊಟ್ಟವನ ಕಾಟ.

ಜಾಗಗಳಿಗೂ ಇಸವಿ ಉಂಟು. ಶೆಟ್ಟಿಹಳ್ಳಿಯ ಪಾಳು ಚರ್ಚು ಹಾಸನ ಕಡೆಯ ಪ್ರತಿ ಎರಡನೇ ಕಿರುಚಿತ್ರದಲ್ಲಿ ಬರುತ್ತದೆ. ಅದು ಪಾಳುಬಿದ್ದದ್ದು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ. 1950ರ ಕಥೆಯಲ್ಲಿ ಅದನ್ನು ಪಾಳು ಮಾಡಿ ತೋರಿಸಬೇಡಿ. ಜೊತೆಗೆ ಮಳೆಗಾಲದಲ್ಲಿ ನೀರು ಏರಿ ಚರ್ಚು ಅರ್ಧ ಮುಳುಗುತ್ತದೆ. ಏಪ್ರಿಲ್‌ನಲ್ಲಿ ಒಣನೆಲದ ಮೇಲೆ ಶುರುಮಾಡಿದ ಸೀನನ್ನು ಆಗಸ್ಟಿನಲ್ಲಿ ಮುಗಿಸುತ್ತೇನೆ ಅಂದರೆ ತೆಪ್ಪ ಬೇಕಾದೀತು. ರೈಲಿನದೂ ಇದೇ ಕಥೆ: ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅದಕ್ಕೆ ಮುಂಚಿನ ಕಥೆಯ ನಾಯಕ ಕಡೂರಿನಲ್ಲಿ ಇಳಿದು ಬಸ್ಸು ಹಿಡಿಯಲಿ. ಸಕಲೇಶಪುರದ ಘಾಟಿಯಲ್ಲಿ 1979ರಲ್ಲಿ ಓಡಲು ಶುರುವಾದದ್ದು ಮೀಟರ್ ಗೇಜ್; ಹಳಿ ಬದಲಿಸಲು ನಿಲ್ಲಿಸಿ, ಬ್ರಾಡ್ ಗೇಜಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂದದ್ದು 2007ರಲ್ಲಿ. 2002ರ ಪ್ರೇಮಕಥೆಯ ಜೋಡಿ ಆ ಘಾಟಿಯ ರೈಲಿನ ಬಾಗಿಲಲ್ಲಿ ನಿಂತು ಹಾಡುವಂತಿಲ್ಲ.

ಈಗಿನ ಕಾಲದ ಕಥೆ ಸುಲಭ ಅಂದುಕೊಳ್ಳಬೇಡಿ. ನೋಟು ರದ್ದಾದ 2016ರ ನವೆಂಬರ್ 8ರ ಆಚೆಗೂ ಈಚೆಗೂ ನೋಟು ಬೇರೆ. ಅಂಗಡಿಯ ಗಲ್ಲಾ ಪೆಟ್ಟಿಗೆ ಮೇಲೆ ಯುಪಿಐ ಕ್ಯೂಆರ್ ಕೋಡ್ ಇದ್ದರೆ ಅದು 2016ಕ್ಕೆ ಮುಂಚಿನ ಕಥೆಯಲ್ಲ. 2019ರ ಏಪ್ರಿಲ್ ನಂತರ ಮಾರಾಟವಾದ ಗಾಡಿಗೆ ಹೈ ಸೆಕ್ಯುರಿಟಿ, ಅಂದರೆ ಎಚ್‌ಎಸ್‌ಆರ್‌ಪಿ ಪ್ಲೇಟು. ಇಂಗ್ಲಿಷ್ ಬೋರ್ಡುಗಳಲ್ಲಿ ‘ಚಿಕ್‌ಮಗಳೂರ್’ ಹೋಗಿ ‘ಚಿಕ್ಕಮಗಳೂರು’ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಆ ದಿನ ಹೆಸರು ಬದಲಾದ ಊರುಗಳ ಪಟ್ಟಿಯಲ್ಲಿ ಹಾಸನ ಇರಲಿಲ್ಲ.

ಈ ಸಾಲ ತೀರಿಸುವ ಶಕ್ತಿ ಇಲ್ಲದಿದ್ದರೆ ಇಸವಿ ಬರೆಯಲೇಬೇಡಿ. ‘ಕೆಲವು ವರ್ಷಗಳ ಹಿಂದೆ’ ಅಂದರೂ ಕಥೆ ನಡೆಯುತ್ತದೆ. ಊರಿನ ಹೆಸರನ್ನೂ ಕಲ್ಪಿಸಿಕೊಳ್ಳಿ. ಸಕಲೇಶಪುರದಲ್ಲಿ ಶೂಟ್ ಮಾಡಿ ಕೊಪ್ಪ ಎಂದು ಹೇಳುವುದಕ್ಕಿಂತ ಇಲ್ಲದ ಒಂದು ಹಳ್ಳಿಯ ಹೆಸರು ಎಷ್ಟೋ ಮೇಲು.

ಸ್ಕ್ರಿಪ್ಟನ್ನು ಯಾರಿಗೆ ಓದಿಸಬೇಕು

ಸಿನಿಮಾದವರಿಗಲ್ಲ. ಪೊಲೀಸ್ ಸೀನನ್ನು ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರಿಗೆ, ಕೋರ್ಟ್ ಸೀನನ್ನು ಬಾರ್ ಅಸೋಸಿಯೇಷನ್ನಿನಲ್ಲಿ ಬಿಡುವಾಗಿರುವ ಕಿರಿಯ ವಕೀಲರಿಗೆ, ಆಸ್ಪತ್ರೆ ಸೀನನ್ನು ನರ್ಸಿಗೆ, ತೋಟದ ಸೀನನ್ನು ಮೇಸ್ತ್ರಿಗೆ. ಇಡೀ ಸ್ಕ್ರಿಪ್ಟು ಕೊಟ್ಟರೆ ಯಾರೂ ಓದುವುದಿಲ್ಲ. ಅವರವರ ಸೀನನ್ನಷ್ಟೇ ತೆಗೆದುಕೊಂಡು ಹೋಗಿ, ಎದುರು ಕೂತು ಗಟ್ಟಿಯಾಗಿ ಓದಿ. ‘ಚೆನ್ನಾಗಿದೆಯಾ ಅಣ್ಣ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಅಂತಲೇ ಹೇಳುತ್ತಾರೆ. ‘ನೀವಾಗಿದ್ರೆ ಇಲ್ಲಿ ಏನ್ ಮಾಡ್ತಿದ್ರಿ?’ ಎಂದು ಕೇಳಿ.

ಅವರು ಹಿಡಿಯುವ ತಪ್ಪುಗಳು ಹೆಚ್ಚುಕಡಿಮೆ ಇವೇ. ಭುಜದ ಮೇಲೆ ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಎಸ್‌ಐ, ಮೂರಿದ್ದರೆ ಇನ್ಸ್‌ಪೆಕ್ಟರ್. ಮೂವರಿಗೂ ಕೆಂಪು–ನೀಲಿ ಪಟ್ಟಿ ಇರುತ್ತದೆ. ಮೂರು ನಕ್ಷತ್ರವಿದ್ದು ಪಟ್ಟಿ ಇಲ್ಲದಿದ್ದರೆ ಡಿವೈಎಸ್‌ಪಿ. ಕಾಸ್ಟ್ಯೂಮ್ ಬಾಡಿಗೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ, ನೋಡಿ ತೆಗೆದುಕೊಳ್ಳಬೇಕಾದವರು ನೀವು. ಕಾನ್‌ಸ್ಟೇಬಲ್‌ಗಳ ಅಗಲಂಚಿನ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ‘302 ಜಡಿದು ಒಳಗೆ ಹಾಕ್ತೀನಿ’ ಎಂಬ ಡೈಲಾಗು ಕಿವಿಗೆ ಹಿತ, ಆದರೆ 2024ರ ಜುಲೈ 1ರಿಂದ ನಡೆಯುವ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103 ಬರುತ್ತದೆ. ಮೋಸಕ್ಕೆ 420 ಅಲ್ಲ, 318. ಹಳೇ ಕಾಲದ ಪೊಲೀಸಪ್ಪ ಬಾಯಿತಪ್ಪಿ 302 ಅಂದು, ಪಕ್ಕದಲ್ಲಿ ಠಾಣೆಯ ಕಾಗದಪತ್ರ ಬರೆಯುವ ಎಳೇ ರೈಟರ್ ತಿದ್ದಿದರೆ ಒಂದು ನಗೆಯೂ ಸಿಗುತ್ತದೆ. ಬಂಧಿಸಿದವನನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಾರಗಟ್ಟಲೆ ಠಾಣೆಯಲ್ಲಿ ಕೂಡಿಟ್ಟು ಹೊಡೆಯುವುದನ್ನು ತೋರಿಸುವುದಾದರೆ ಅದು ಅಕ್ರಮ ಎಂಬುದು ಕಥೆಗೆ ಗೊತ್ತಿರಬೇಕು.

ಕೋರ್ಟಿನಲ್ಲಿ ನ್ಯಾಯಾಧೀಶರ ಮರದ ಸುತ್ತಿಗೆಯನ್ನು ಮೊದಲು ತೆಗೆಸಿ, ನಮ್ಮ ನ್ಯಾಯಾಲಯಗಳಲ್ಲಿ ಅದರ ಬಳಕೆಯಿಲ್ಲ. ಸಾಕ್ಷಿಗೆ ಗೀತೆ ಮುಟ್ಟಿಸುವುದೂ ಸಿನಿಮಾದಿಂದ ಸಿನಿಮಾಕ್ಕೆ ನಡೆದುಬಂದ ಸಂಪ್ರದಾಯ. ಪ್ರಮಾಣ ಮಾಡಿಸುವುದು 1969ರ ಕಾಯ್ದೆಯಂತೆ ಬಾಯಿಮಾತಿನಲ್ಲಿ. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದ ಮರುದಿನವೇ ನೇಣು ಆಗುವುದಿಲ್ಲ, ಹೈಕೋರ್ಟು ಅದನ್ನು ಸ್ಥಿರಪಡಿಸಬೇಕು. ಆಸ್ಪತ್ರೆಯಲ್ಲಿ ಎಲ್ಲರೂ ಮಾಡುವುದು ಒಂದೇ ತಪ್ಪು: ಮಾನಿಟರಿನಲ್ಲಿ ಗೆರೆ ನೆಟ್ಟಗಾಗುತ್ತದೆ, ಡಾಕ್ಟರು ಕರೆಂಟಿನ ಶಾಕ್ ಕೊಡುತ್ತಾರೆ, ರೋಗಿ ಎದ್ದು ಕೂರುತ್ತಾನೆ. ಶಾಕ್ ಕೊಡುವುದು ಹೃದಯದ ಬಡಿತ ಅಡ್ಡಾದಿಡ್ಡಿಯಾದಾಗ. ಗೆರೆ ಪೂರ್ತಿ ನೆಟ್ಟಗಾದಾಗ ಎದೆ ಒತ್ತುವುದು, ಇಂಜೆಕ್ಷನ್. ಎದೆ ಒತ್ತುವುದೇ ನೋಡಲು ಹೆಚ್ಚು ದಿಗಿಲು ಹುಟ್ಟಿಸುತ್ತದೆ, ಬಾಡಿಗೆ ಮೆಷಿನ್ನೂ ಬೇಡ.

ಮಾತಿನ ಧಾಟಿಯನ್ನೂ ಇದೇ ಹೊತ್ತಿಗೆ ಸರಿಮಾಡಿಕೊಳ್ಳಿ. ಎರಡೂ ಜಿಲ್ಲೆಗಳಲ್ಲಿ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಅರಸೀಕೆರೆಯ ತೆಂಗಿನ ತೋಟದವನು ಶೃಂಗೇರಿಯವರ ಹಾಗೆ ಮಾತಾಡುವುದಿಲ್ಲ, ಕಡೂರಿನವಳು ಮೂಡಿಗೆರೆಯವಳ ಹಾಗೆ ‘ಮಾರಾಯ’ ಅನ್ನುವುದಿಲ್ಲ. ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬ ಪಟ್ಟಿಯೊಂದು ಇರಲಿ. ಹೆಂಡತಿ ಒಂದು ಸೀನಿನಲ್ಲಿ ‘ರೀ’ ಅಂದು ಇನ್ನೊಂದರಲ್ಲಿ ಹೆಸರು ಹಿಡಿದು ಕೂಗಿದರೆ ಅದೂ ಕಂಟಿನ್ಯೂಟಿ ತಪ್ಪೇ. ಡಬ್ಬಿಂಗಿನಲ್ಲಿ ಇಂಥದ್ದು ಹೆಚ್ಚು ನುಸುಳುತ್ತದೆ.

ಸೆಟ್ಟಿನಲ್ಲಿ: ಒಬ್ಬರಿಗೆ ಒಂದೇ ಕೆಲಸ

ಕಂಟಿನ್ಯೂಟಿ ನೋಡುವವರು ಬೇರೆ ಏನನ್ನೂ ನೋಡಬಾರದು. ಚಹಾ ತರಿಸುವುದು, ಜನ ಸರಿಸುವುದು, ಕ್ಲಾಪ್ ಹೊಡೆಯುವುದು ಇವೆಲ್ಲ ಅದೇ ಹುಡುಗನ ತಲೆಗೆ ಕಟ್ಟಿದರೆ ಅವನು ಏನನ್ನೂ ನೋಡುವುದಿಲ್ಲ. ತಂಡ ಐದೇ ಜನದ್ದಾದರೂ ಆ ಕೆಲಸಕ್ಕೆ ಒಬ್ಬರನ್ನು ಮೀಸಲಿಡಿ, ಡೈರೆಕ್ಟರ್ ಪಕ್ಕದಲ್ಲೇ ಕೂರಿಸಿ.

ಅವರು ಬರೆಯಬೇಕಾದದ್ದು: ಸೀನ್, ಶಾಟ್, ಟೇಕ್ ನಂಬರ್, ಓಕೆಯೋ ಎನ್‌ಜಿಯೋ (ನೋ ಗುಡ್, ಅಂದರೆ ಬೇಡವಾದ ಟೇಕು), ಎನ್‌ಜಿಯಾದರೆ ಕಾರಣ, ಯಾವ ಮಾತಿಗೆ ಯಾವ ಕೈ ಎತ್ತಿದರು, ಯಾವ ಮಾತಿಗೆ ಎದ್ದರು, ಯಾವ ಕಾಲು ಮುಂದಿಟ್ಟು ಒಳಗೆ ಬಂದರು, ಡೈಲಾಗಿನಲ್ಲಿ ಏನು ಬದಲಾಯಿತು. ಉಳಿದದ್ದನ್ನು ಫೋನಿನ ಫೋಟೋ ನೋಡಿಕೊಳ್ಳುತ್ತದೆ. ಫೋಟೋ ತೆಗೆಯುವ ಹೊತ್ತು ಮಾತ್ರ ಮುಖ್ಯ. ಎಲ್ಲರೂ ಶಾಟ್ ಶುರುವಾಗುವ ಮುಂಚೆ ತೆಗೆಯುತ್ತಾರೆ. ಮುಂದಿನ ಶಾಟು ಸೇರಬೇಕಾದದ್ದು ಈ ಶಾಟಿನ ಕೊನೆಗೆ. ‘ಕಟ್’ ಅಂದ ತಕ್ಷಣ, ಕಲಾವಿದರು ಅಲುಗುವ ಮುಂಚೆ ಇನ್ನೊಂದು ತೆಗೆಯಿರಿ. ಚೌಕಟ್ಟಿನ ಮೂಲೆಯಲ್ಲಿ ಕ್ಲಾಪ್ ಬೋರ್ಡ್ ಇರಲಿ, ಇಲ್ಲದಿದ್ದರೆ ತಿಂಗಳ ಮೇಲೆ ಯಾವ ಫೋಟೋ ಯಾವ ಸೀನಿನದು ಎಂದು ಹುಡುಕುತ್ತಾ ಕೂರಬೇಕು. ಮುಖ, ಬೆನ್ನು, ಎರಡೂ ಕೈ, ಕಾಲು, ಮೇಜಿನ ಮೇಲಿನ ಸಾಮಾನು. ಬೆನ್ನಿನ ಫೋಟೋ ಎಲ್ಲರೂ ಮರೆಯುತ್ತಾರೆ. ಜಡೆಯ ಹೂವು ಇರುವುದೇ ಅಲ್ಲಿ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಸೆಟ್ಟಿನ ಮೇಜಿಗೆ ದಾರ ಕಟ್ಟಿ ‘ಮುಟ್ಟಬೇಡಿ’ ಚೀಟಿ ಅಂಟಿಸಿ. ಮಲೆನಾಡಿನ ಮನೆಗಳಲ್ಲಿ ಇದು ನಿಜವಾದ ಸಮಸ್ಯೆ; ಶೂಟಿಂಗಿಗೆ ಮನೆ ಕೊಟ್ಟ ಅಮ್ಮ ಒಳ್ಳೆಯ ಮನಸ್ಸಿನಿಂದ ಎಂಜಲು ಲೋಟವನ್ನೆಲ್ಲ ತೊಳೆದಿಟ್ಟುಬಿಡುತ್ತಾರೆ. ಗೋಡೆ ಗಡಿಯಾರದ ಸೆಲ್ ತೆಗೆದು ಮುಳ್ಳನ್ನು ಸೀನಿನ ಹೊತ್ತಿಗೆ ನಿಲ್ಲಿಸಿ. ಕ್ಯಾಲೆಂಡರಿನ ಹಾಳೆ ನೋಡಿ. ಫೋನಿನ ಪರದೆ ಕ್ಲೋಸಪ್ಪಿನಲ್ಲಿ ಬರುವುದಾದರೆ ಸಮಯ, ದಿನಾಂಕ, ಬ್ಯಾಟರಿ ಮೂರೂ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ.

ತಿನ್ನುವ ಕುಡಿಯುವ ಸೀನನ್ನು ಸಾಧ್ಯವಾದರೆ ಬರೆಯಲೇಬೇಡಿ. ಬರೆದಿದ್ದರೆ, ಲೋಟಕ್ಕೆ ಹೊರಗಿನಿಂದ ಕಾಣದ ಕಡೆ ಗುರುತು ಹಾಕಿ ಪ್ರತಿ ಟೇಕಿಗೂ ಅಲ್ಲಿಯವರೆಗೆ ತುಂಬಿಸಿ. ಗಾಜಿನದಕ್ಕಿಂತ ಸ್ಟೀಲ್ ಲೋಟ ಕ್ಷೇಮ. ಕಲಾವಿದರಿಗೆ ಇಂಥ ಮಾತು ಮುಗಿದ ಮೇಲೆ ಒಂದು ಗುಟುಕು, ಅಷ್ಟೇ ಎಂದು ಹೇಳಿ. ಕಡುಬಿನ ತಟ್ಟೆ ಎದುರಿಗಿದ್ದರೆ ಮುರಿಯುತ್ತಾ ಇರಲಿ, ಬಾಯಿಗೆ ಹೋಗುವುದು ಒಂದೇ ಸಲ. ಎಂಟನೇ ಟೇಕಿನ ಹೊತ್ತಿಗೆ ಅವರೂ ನಿಮಗೆ ಕೈಮುಗಿಯುತ್ತಾರೆ.

ಶನಿವಾರ–ಭಾನುವಾರದ ಶೂಟಿಂಗಿಗೆ ದೊಡ್ಡ ಶತ್ರು ಗಡ್ಡ. ಸಾಧ್ಯವಿದ್ದರೆ ನಾಯಕನ ಗಡ್ಡದ ಸೀನುಗಳನ್ನಷ್ಟೇ ಕಥೆಯ ವರಸೆಯಲ್ಲಿ ತೆಗೆಯಿರಿ. ಆಗದಿದ್ದರೆ ಟ್ರಿಮ್ಮರಿನ ನಂಬರ್ ಬರೆದಿಟ್ಟು ಪ್ರತಿ ಶನಿವಾರ ಬೆಳಿಗ್ಗೆ ಅದೇ ನಂಬರಿಗೆ ತನ್ನಿ. ‘ಮದುವೆ ಇತ್ತು, ಕಟಿಂಗ್ ಮಾಡಿಸ್ದೆ’ ಎಂದು ಬರುವ ನಟ ಪ್ರತಿ ತಂಡದಲ್ಲೂ ಒಬ್ಬ ಇರುತ್ತಾನೆ. ಒಪ್ಪಂದದ ಹಾಳೆಯಲ್ಲೇ ಬರೆದುಕೊಳ್ಳಿ. ಮಳೆಯ ಸೀನ್ ಇದ್ದರೆ ಅದೇ ಅಂಗಿ ಕನಿಷ್ಠ ಎರಡು ಬೇಕು. ಸಂತೆಯಲ್ಲಿ ಕೊಳ್ಳುವಾಗಲೇ ಜೋಡಿ ಕೊಳ್ಳಿ, ಮುಂದಿನ ವಾರ ಆ ಬಣ್ಣ ಸಿಗುವುದಿಲ್ಲ.

ಬೆಳಕಿನ ವಿಷಯದಲ್ಲಿ ತೋಟ ಮೋಸ ಮಾಡುತ್ತದೆ. ಸಿಲ್ವರ್ ಓಕ್ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳು ನಿಮಿಷ ನಿಮಿಷಕ್ಕೂ ಸರಿಯುತ್ತವೆ. ಇಡೀ ಸೀನನ್ನು ಒಟ್ಟಿಗೆ ಹಿಡಿದ ಮಾಸ್ಟರ್ ಶಾಟಿನಲ್ಲಿ ಕೆನ್ನೆ ಮೇಲಿದ್ದ ಚುಕ್ಕೆ ಕ್ಲೋಸಪ್ಪಿನ ಹೊತ್ತಿಗೆ ಮರದ ಬುಡದಲ್ಲಿರುತ್ತದೆ. ಮಾತಿನ ಸೀನುಗಳನ್ನು ದಟ್ಟ ನೆರಳಿನಲ್ಲೋ ಮೋಡದ ದಿನವೋ ಇಟ್ಟುಕೊಳ್ಳಿ. ಇಲ್ಲವೇ ನಟರ ತಲೆಯ ಮೇಲೆ ಬಿಳಿ ಪಂಚೆ ಎಳೆದು ಕಟ್ಟಿ ಚುಕ್ಕೆಗಳನ್ನು ತಡೆಯಿರಿ. ಮಂಜಿದ್ದಾಗ ವೈಡ್ ಶಾಟುಗಳನ್ನೆಲ್ಲ ಮೊದಲು ಮುಗಿಸಿ. ಕ್ಲೋಸಪ್ಪಿನ ಹಿಂದೆ ಮಂಜು ಇಲ್ಲದ್ದು ಯಾರಿಗೂ ಕಾಣುವುದಿಲ್ಲ. ಮುಳ್ಳಯ್ಯನಗಿರಿಯ ಇಡೀ ಬೆಟ್ಟ ಒಂದು ಶಾಟಿನಲ್ಲಿ ಮಾಯವಾಗಿ ಇನ್ನೊಂದರಲ್ಲಿ ಎದ್ದು ನಿಂತರೆ ಎಲ್ಲರಿಗೂ ಕಾಣುತ್ತದೆ.

ಗಾಡಿಯ ದಿಕ್ಕು ಇನ್ನೊಂದು. ಹಾಸನದಿಂದ ಮಂಗಳೂರಿಗೆ ಹೊರಟವನು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು, ಹತ್ತಬಾರದು. ಪರದೆಯ ಮೇಲೆ ಎಡದಿಂದ ಬಲಕ್ಕೆ ಹೊರಟ ಜೀಪು ಊರು ಮುಟ್ಟುವವರೆಗೂ ಎಡದಿಂದ ಬಲಕ್ಕೇ ಹೋಗಲಿ. ನಡುವೆ ತಿರುಗಿಸಬೇಕಾದರೆ ಗಾಡಿ ನೇರ ಕ್ಯಾಮೆರಾದ ಕಡೆ ಬರುವ ಒಂದು ಶಾಟು ತೆಗೆದಿಟ್ಟುಕೊಳ್ಳಿ. ಬೇಲೂರು, ಹಳೇಬೀಡಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಸಿಕ್ಕ ಮೇಲೂ ಹಿನ್ನೆಲೆಯ ಪ್ರವಾಸಿಗರ ಮೇಲೆ ಒಂದು ಕಣ್ಣಿಡಿ. ಕೆಂಪು ಟೋಪಿಯ ಅದೇ ಮಗು ನಾಲ್ಕು ಶಾಟಿನಲ್ಲಿ ನಾಲ್ಕು ದಿಕ್ಕಿನಿಂದ ಬರುತ್ತದೆ.

ಪ್ರತಿ ಸೀನ್ ಮುಗಿದ ಮೇಲೆ ಹತ್ತು ನಿಮಿಷ ಕೊಟ್ಟು ಕೆಲವು ಒಂಟಿ ಶಾಟುಗಳನ್ನು ತೆಗೆಯಿರಿ: ಒಲೆಯ ಬೆಂಕಿ, ಕಿಟಕಿ, ಕೇಳಿಸಿಕೊಳ್ಳುವ ಅಜ್ಜಿಯ ಮುಖ, ಬಾಗಿಲಲ್ಲಿ ಮಲಗಿದ ನಾಯಿ. ಎಡಿಟಿಂಗ್‌ನಲ್ಲಿ ಹೊಂದದ ಎರಡು ಶಾಟುಗಳ ನಡುವೆ ಈ ನಾಯಿಯೇ ನಿಮ್ಮನ್ನು ಕಾಯುವುದು. ಹಿನ್ನೆಲೆಯಲ್ಲಿ ಅನುಮಾನದ ವಸ್ತು ಇದ್ದರೆ, ಹಳೆಗಾಲದ ಬೀದಿಯಲ್ಲಿ ಡಿಶ್ ಆಂಟೆನಾ ಇದ್ದಂತೆ, ಆ ಶಾಟನ್ನು ಟ್ರೈಪಾಡಿನ ಮೇಲೆ ಅಲುಗದಂತೆ ತೆಗೆಯಿರಿ. ಅಲುಗದ ಶಾಟಿನಿಂದ ಅದನ್ನು ಅಳಿಸುವುದು ಸುಲಭ. ಕೈಯಲ್ಲಿ ಹಿಡಿದು ತೆಗೆದದ್ದಾದರೆ ಗ್ರಾಫಿಕ್ಸಿನವರು ಬಿಲ್ಲು ಹರಿಯುತ್ತಾರೆ.

ಕಿವಿಗೆ ಬೀಳುವ ತಪ್ಪು

ಮಲೆನಾಡಿನ ರಾತ್ರಿಗೆ ಕಾಲಕ್ಕೊಂದು ಸದ್ದು: ಮಳೆಗಾಲದಲ್ಲಿ ಕಪ್ಪೆ, ಬೇಸಿಗೆಯ ಕೊನೆಗೆ ಕಿವಿಗಡಚಿಕ್ಕುವ ಜೀರುಂಡೆ. ಇಂಟರ್‌ನೆಟ್ಟಿನಿಂದ ಇಳಿಸಿದ ‘ಕಾಡಿನ ಸದ್ದು’ಗಳಲ್ಲಿ ನಗುವಂತೆ ಕೂಗುವ ಆಸ್ಟ್ರೇಲಿಯಾದ ಕೂಕಬುರ್ರಾ ಹಕ್ಕಿ ಸೇರಿಕೊಂಡಿರುತ್ತದೆ, ಎಷ್ಟೋ ಸಿನಿಮಾಗಳ ಕಾಡಿನಲ್ಲಿ ಅದು ಕೂಗಿದೆ. ಕೊಂಡ ದೃಶ್ಯಗಳದ್ದೂ ಅದೇ ಪಾಡು. ಆಲೂರು, ಸಕಲೇಶಪುರದ ಜನರಿಗೆ ಆನೆ ದಿನಬೆಳಗಾದರೆ ಕಾಣುವ ಪ್ರಾಣಿ. ದೊಡ್ಡ ಮೊರದಗಲ ಕಿವಿಯ ಆಫ್ರಿಕಾದ ಆನೆಯನ್ನು, ಅಥವಾ ದಂತವಿರುವ ‘ತಾಯಿ ಆನೆ’ಯನ್ನು ತೋರಿಸಿದರೆ ಸಿನಿಮಾ ಅಲ್ಲಿಗೇ ಮುಗಿಯಿತು. ಶೂಟಿಂಗಿನ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಸದ್ದು ರೆಕಾರ್ಡ್ ಮಾಡಿಕೊಂಡರೆ ಕೊಳ್ಳುವ ಗೋಜೇ ಇಲ್ಲ.

ಎಡಿಟಿಂಗ್: ಯಾವುದನ್ನು ಬಿಟ್ಟುಬಿಡಬೇಕು

ಎಲ್ಲ ತಪ್ಪನ್ನೂ ತಿದ್ದಲು ಹೋದರೆ ಒಳ್ಳೆಯ ಅಭಿನಯ ಕಸದ ಬುಟ್ಟಿ ಸೇರುತ್ತದೆ. ಹಾಲಿವುಡ್ಡಿನ ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್‌ನ ಬೆಲೆ ಕಟ್ಟುವಾಗ ಭಾವಕ್ಕೆ 51 ಪಾಲು ಕೊಟ್ಟು, ವಸ್ತು–ವ್ಯಕ್ತಿಗಳು ಜಾಗದಲ್ಲಿ ಹೊಂದಿಕೊಳ್ಳುವುದಕ್ಕೆ 4 ಪಾಲು ಇಟ್ಟ. ಆ ಲೆಕ್ಕ ನನಗೆ ಸರಿಕಾಣುತ್ತದೆ. ಪ್ರೇಕ್ಷಕರ ಕಣ್ಣು ನಟನ ಕಣ್ಣಿನ ಮೇಲಿರುತ್ತದೆ. ಅಳುವ ತಾಯಿಯ ಸೆರಗು ಎಡಭುಜದಿಂದ ಕೊಂಚ ಜಾರಿದ್ದನ್ನು ನೋಡಿದವನಿದ್ದರೆ ನಿಮ್ಮ ತೊಂದರೆ ಸೆರಗಿನದ್ದಲ್ಲ, ಅಳುವಿನದು.

ತಿದ್ದಲೇಬೇಕಾದವು ಮೂರು ಬಗೆ. ಕಥೆಯ ಅರ್ಥ ಕೆಡಿಸುವಂಥದ್ದು: ಕೊಲೆಯ ಸುಳಿವಾದ ವಾಚು ಒಂದು ಶಾಟಿನಲ್ಲಿ ಇಲ್ಲದಿದ್ದರೆ. ಮುಖದ ಪಕ್ಕದಲ್ಲೇ ಇರುವಂಥದ್ದು: ಕಿವಿಯೋಲೆ, ಮೂಗುತಿ, ಕನ್ನಡಕ. ಮೂರನೆಯದು ಊರಿನವರಿಗೆ ನೋಯುವಂಥದ್ದು: ದೇವಸ್ಥಾನದ ಹೆಸರು, ಹಬ್ಬದ ಕ್ರಮ, ಜಾತ್ರೆಯ ತಿಂಗಳು, ದುಡಿಯುವವರ ಕೆಲಸವನ್ನು ಕೆಲಸ ಗೊತ್ತಿಲ್ಲದವರ ಹಾಗೆ ತೋರಿಸುವುದು. ಇವುಗಳಿಗೆ ಬೇಕಾದ ಚೂರುಗಳನ್ನಷ್ಟೇ ಮತ್ತೆ ತೆಗೆಯುವ ಪ್ಯಾಚ್‌ವರ್ಕ್ ದಿನ ಇಟ್ಟುಕೊಳ್ಳಿ, ಮೊದಲ ಬಜೆಟ್ಟಿನಲ್ಲೇ ಅದಕ್ಕೆ ಹಣ ತೆಗೆದಿಡಿ. ಕೆಲವಕ್ಕೆ ಶೂಟಿಂಗೂ ಬೇಡ. ಬೆನ್ನು ತೋರಿಸಿ ನಿಂತ ಪಾತ್ರದ ಬಾಯಿಗೆ ಡಬ್ಬಿಂಗಿನಲ್ಲಿ ಯಾವ ಮಾತನ್ನಾದರೂ ಹಾಕಬಹುದು; ‘302’ ಅನ್ನು ‘103’ ಮಾಡಲು ಇದೇ ದಾರಿ.

ಕೊನೆಯ ಕಟ್ ಆದಮೇಲೆ, ಸಂಗೀತ ಸೇರಿಸುವ ಮುಂಚೆ, ಊರಿನಲ್ಲೇ ಒಂದು ಮನೆಯಲ್ಲಿ ಹತ್ತು ಹನ್ನೆರಡು ಜನರಿಗೆ ತೋರಿಸಿ. ಗೆಳೆಯರು ಬೇಡ. ಬಸ್ ಕಂಡಕ್ಟರ್, ಟೀಚರ್, ತೋಟದಲ್ಲಿ ಕೆಲಸ ಮಾಡುವ ಹೆಂಗಸರು, ಸಾಹುಕಾರರು, ಒಬ್ಬ ಹೈಸ್ಕೂಲ್ ಹುಡುಗ. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಪಕ್ಕದವರ ಕಡೆ ಬಾಗಿ ಏನಾದರೂ ಪಿಸುಗುಟ್ಟಿದ ಕ್ಷಣ ಸಿನಿಮಾದ ಎಷ್ಟನೇ ನಿಮಿಷ, ಸೆಕೆಂಡು ಎಂಬ ಟೈಮ್‌ಕೋಡ್ ಬರೆದುಕೊಳ್ಳಿ. ಆಮೇಲೆ ಕಾಫಿ ಕೊಡುವಾಗ ‘ಅಲ್ಲಿ ಏನಂದ್ರಿ ಅಕ್ಕ?’ ಎಂದು ವಿಚಾರಿಸಿ. ಒಬ್ಬರೇ ಹೇಳಿದ್ದನ್ನು ಬಿಡಬಹುದು, ಮೂವರು ಹೇಳಿದ್ದನ್ನು ಬಿಡುವಂತಿಲ್ಲ.

ಥಿಯೇಟರಿಗೆ ಹೋಗುವ ಸಿನಿಮಾ ಆದರೆ ಇದೆಲ್ಲ ಸೆನ್ಸಾರ್‌ಗೆ ಅರ್ಜಿ ಹಾಕುವ ಮುಂಚೆಯೇ ಮುಗಿಯಬೇಕು. ಸರ್ಟಿಫಿಕೇಟ್ ಬಂದ ಮೇಲೆ ಒಂದು ಶಾಟು ತೆಗೆದರೂ ಸೇರಿಸಿದರೂ ಮಂಡಳಿಗೆ ತಿಳಿಸಿ ಅನುಮೋದನೆ ಪಡೆಯಬೇಕಾಗುತ್ತದೆ. ಬಿಡುಗಡೆಯ ದಿನ ಗೊತ್ತುಮಾಡಿ ಪೋಸ್ಟರ್ ಅಂಟಿಸಿದ ಮೇಲೆ ಬೆಂಗಳೂರಿಗೆ ಆ ಓಡಾಟ ಯಾರಿಗೂ ಬೇಡ. ಯೂಟ್ಯೂಬಿಗೆ ಮಾತ್ರ ಹಾಕುವವರಿಗೆ ಆ ಸರ್ಟಿಫಿಕೇಟಿನ ಅಗತ್ಯವಿಲ್ಲ. ಆದರೆ ಅಲ್ಲಿ ಒಮ್ಮೆ ಹಾಕಿದ ವಿಡಿಯೋವನ್ನು ಅದೇ ಲಿಂಕಿನಲ್ಲಿ ಬೇರೆ ಫೈಲಿಗೆ ಬದಲಿಸಲು ಬರುವುದಿಲ್ಲ, ತೆಗೆದು ಹೊಸದಾಗಿ ಹಾಕಿದರೆ ಅಲ್ಲಿಯವರೆಗಿನ ವ್ಯೂಸ್ ಎಲ್ಲ ಹೋಗುತ್ತವೆ. ಹಾಗಾಗಿ ಅವರೂ ಮೊದಲು ಆ ಹತ್ತು ಹನ್ನೆರಡು ಜನರನ್ನು ಕರೆದು ಕೂರಿಸಲಿ.